ಅಂಬಲಿಮೀನು ಕುಟುಕಿದರೆ ಏನು ಮಾಡುತ್ತೀರಿ?

ಮಕ್ಕಳಿಗೆ ರಜೆ ಸಿಕ್ಕಿದರೆ ಸಾಕು, ಪುತ್ತೂರು, ಸುಳ್ಯ, ಕಡಬದ ಕಡೆಯ ನಮ್ಮ ಮನೆಗಳಲ್ಲಿ ಒಂದೇ ರಾಗ. “ಅಮ್ಮಾ, ಕಡಲು ನೋಡಲು ಹೋಗುವ!” ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು ಚಿಲ್ಲರೆ. ಸುಳ್ಯ, ಕಡಬದವರಿಗೆ ಇನ್ನೂ ದೂರ. ಬೆಳಗ್ಗೆ ಬೇಗ ಎದ್ದು ಚಿತ್ರಾನ್ನ ಕಲಸಿ, ಬನ್ಸ್ ಕರಿದು, ಫ್ಲಾಸ್ಕಿಗೆ ಚಹಾ ತುಂಬಿ ಹೊರಟರೆ ರಾತ್ರಿ ಮನೆ ಸೇರುವಾಗ ಸೀರೆಯ ನೆರಿಗೆಯ ತುಂಬ ಮರಳು! ತೋಟ, ಗುಡ್ಡ, ಹೊಳೆ ನೋಡಿಯೇ ಬೆಳೆದ ನಮಗೆ ಕಡಲೆಂದರೆ ನೆಂಟರ ಮನೆ ಇದ್ದ ಹಾಗೆ. ಹೋಗುವ ಸಂಭ್ರಮ ಉಂಟು, ಆದರೆ ಆ ಮನೆಯ ರೀತಿನೀತಿ ಪೂರ್ತಿ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಒಂದು ಸಂಜೆ ಕಣ್ಣಾರೆ ಕಂಡೆ. ನಾದಿನಿಯ ಮಗಳು, ಏಳು ವರ್ಷದವಳು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಆಡುತ್ತಿದ್ದಳು. ಇದ್ದಕ್ಕಿದ್ದಂತೆ ಕಿಟಾರನೆ ಕಿರುಚಿಕೊಂಡಳು. “ಉರಿ, ಉರಿ ಅತ್ತೇ!” ಎತ್ತಿಕೊಂಡು ಬಂದು ನೋಡಿದರೆ ಮೀನಖಂಡದ ಸುತ್ತ ಸಪೂರ ಬೆತ್ತದಲ್ಲಿ ಬಾರಿಸಿದಂತೆ ಕೆಂಪು ಕೆಂಪು ಬರೆಗಳು. ಚರ್ಮಕ್ಕೆ ಲೋಳೆಯಂಥ ಎರಡು ಮೂರು ಎಳೆ ಅಂಟಿಕೊಂಡಿತ್ತು.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು. ದೊಡ್ಡಮ್ಮ ಒಂದು ಹಿಡಿ ಮರಳು ತೆಗೆದು ತಿಕ್ಕಿದರು. ನಾನು ಬಾಟಲಿಯಲ್ಲಿದ್ದ ನಮ್ಮ ಬಾವಿಯ ತಣ್ಣೀರು ಸುರಿದೆ. ಮಗುವಿನ ಕಿರುಚಾಟ ಇಮ್ಮಡಿಯಾಯಿತು! ಅಷ್ಟರಲ್ಲಿ ಅಲ್ಲೇ ಹೋಗುತ್ತಿದ್ದ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಇಳಿಸಿ ಓಡಿ ಬಂದರು. “ಉಜ್ಜಬೇಡಿ ಅಕ್ಕಾ, ಆ ನೀರು ಹಾಕಬೇಡಿ, ಕಡಲಿನ ನೀರೇ ಹಾಕಿ” ಎಂದು ತುಳುವಿನಲ್ಲಿ ಗದರಿದರು. ಅವರು ಹೇಳಿದಂತೆ ಮಾಡಿದ ಮೇಲೆಯೇ ಉರಿ ಏರುವುದು ನಿಂತದ್ದು.

ಮನೆಗೆ ಬಂದ ಮೇಲೆ ನಮ್ಮ ದೊಡ್ಡ ಹುಡುಗ ಮೊಬೈಲು ತಿರುವಿ, “ಅಮ್ಮಾ, ಲೋಕದ ಅತಿ ದೊಡ್ಡ ಅಂಬಲಿಮೀನಿನ ಬಾಲ ನೂರಿಪ್ಪತ್ತು ಅಡಿಯಂತೆ!” ಎಂದ. ಸರಿ, ಮಗುವಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. “ಅತ್ತೇ, ನನ್ನನ್ನು ಕಚ್ಚಿದ್ದು ಆ ದೊಡ್ಡದಾ? ನಾನು ಸಾಯ್ತೇನಾ?” ಅವಳಿಗೆ ಉತ್ತರ ಹೇಳಬೇಕೆಂದು ನಾನು ಹುಡುಕಿ ಓದಿಕೊಂಡದ್ದನ್ನು ಈಗ ನಿಮಗೂ ಹೇಳುತ್ತಿದ್ದೇನೆ.

ಮೀನಲ್ಲದ ಮೀನು

ಅಂಬಲಿಮೀನು, ಲೋಳೆಮೀನು, ಜೆಲ್ಲಿ ಫಿಶ್ ಎಂದು ನಾವು ಕರೆಯುವ ಈ ಜೀವಿ ಮೀನೇ ಅಲ್ಲ. ಇದಕ್ಕೆ ಮುಳ್ಳಿಲ್ಲ, ಮೂಳೆಯಿಲ್ಲ, ರಕ್ತವಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ! ಮೈಯ ನೂರು ಪಾಲಿನಲ್ಲಿ ತೊಂಬತ್ತೈದು ಪಾಲು ಬರೀ ನೀರು. ನೋಡಲು ತಾಟಿನುಂಗಿನಂತೆ, ಎಳೆ ಬೊಂಡದ ಗಂಜಿಯಂತೆ ಮಿದುವಾಗಿರುತ್ತದೆ. ಬಿಡಿಸಿದ ಕೊಡೆಯಂಥ ಮೈ, ಅದರ ಕೆಳಗೆ ಇಳಿಬಿದ್ದ ಎಳೆಗಳು. ಇಷ್ಟು ಬಡಪಾಯಿಯಾಗಿ ಕಂಡರೂ ಐವತ್ತು ಕೋಟಿ ವರ್ಷಗಳಿಂದ ಇದು ಕಡಲಿನಲ್ಲಿ ಬಾಳಿಕೊಂಡು ಬಂದಿದೆ. ಅದರ ಗುಟ್ಟು ಆ ಎಳೆಗಳಲ್ಲಿದೆ.

ಪತ್ರೊಡೆ ಮಾಡುವ ನಿಮಗೆ ಈ ಗುಟ್ಟು ಬೇಗ ತಿಳಿಯುತ್ತದೆ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಅವು ಚುಚ್ಚುವುದರಿಂದಲೇ ಗಂಟಲು ತುರಿಸುವುದು, ಅಲ್ಲವೇ? ಅಂಬಲಿಮೀನಿನ ಎಳೆಯ ಮೇಲೆಯೂ ಕಣ್ಣಿಗೆ ಕಾಣದ ಸಾವಿರಾರು ಚೀಲಗಳಿವೆ. ಒಂದೊಂದು ಚೀಲದೊಳಗೂ ವಿಷ ತುಂಬಿದ ಒಂದೊಂದು ಟೊಳ್ಳು ದಾರ, ಸುರುಳಿ ಸುತ್ತಿ ಇಟ್ಟ ಸ್ಪ್ರಿಂಗಿನಂತೆ ಕಾದಿರುತ್ತದೆ. ಏನಾದರೂ ತಾಗಿದರೆ ಕಣ್ಣೆವೆ ಮಿಟುಕಿಸುವುದರೊಳಗೆ ಬಾಣದಂತೆ ಹೊರಚಿಮ್ಮಿ ಚುಚ್ಚುತ್ತದೆ. ಸಣ್ಣ ಮೀನು, ಸೀಗಡಿಗಳನ್ನು ಹಿಡಿಯಲು ಇಟ್ಟುಕೊಂಡ ಆಯುಧ ಅದು. ನಮ್ಮ ಮೇಲೆ ಅದಕ್ಕೆ ಹಗೆಯೇನೂ ಇಲ್ಲ. ನಾವು ದಾರಿಗೆ ಅಡ್ಡ ಬರುತ್ತೇವೆ, ಅಷ್ಟೆ.

ಈ ಚೀಲಗಳಿಗೆ ಯಾರ ಅಪ್ಪಣೆಯೂ ಬೇಡ. ಮೀನು ಸತ್ತು ಮರಳಿನ ಮೇಲೆ ಬಿದ್ದಿದ್ದರೂ, ಎಳೆ ತುಂಡಾಗಿ ನೀರಿನಲ್ಲಿ ತೇಲುತ್ತಿದ್ದರೂ ಅವು ತಮ್ಮ ಕೆಲಸ ಬಿಡುವುದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ದೈತ್ಯ ಎಷ್ಟು ದೊಡ್ಡದು?

ಹುಡುಗ ಹೇಳಿದ್ದು ಸುಳ್ಳಲ್ಲ. ‘ಸಿಂಹದ ಕೇಸರ’ ಎಂಬ ಹೆಸರಿನ ಅಂಬಲಿಮೀನು ಉಂಟು. ಅದರ ಎಳೆಗಳು ಸಿಂಹದ ಕುತ್ತಿಗೆಯ ಕೂದಲಿನಂತೆ ದಟ್ಟವಾಗಿ ಇಳಿಬಿದ್ದಿರುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ಕಡಲಿನಲ್ಲಿ ಸಿಕ್ಕಿದ ಒಂದನ್ನು ಅಲೆಕ್ಸಾಂಡರ್ ಅಗಾಸಿ ಎಂಬ ವಿಜ್ಞಾನಿ ೧೮೬೫ರಲ್ಲಿ ವರ್ಣಿಸಿದ್ದಾರೆ. ಕೊಡೆಯ ಅಗಲ ೭ ಅಡಿ, ಎಳೆಗಳ ಉದ್ದ ೧೨೦ ಅಡಿ! ನಮ್ಮ ತೋಟದ ಎತ್ತರದ ಎರಡು ಅಡಕೆ ಮರಗಳನ್ನು ಒಂದರ ತುದಿಗೆ ಒಂದು ಜೋಡಿಸಿದರೆ ಹೇಗೋ ಹಾಗೆ. ಆದರೆ ಇದು ಉತ್ತರದ ತಣ್ಣನೆಯ ಸಮುದ್ರದ ಜೀವಿ. ನಮ್ಮ ಬೆಚ್ಚಗಿನ ಅರಬ್ಬೀ ಸಮುದ್ರಕ್ಕೆ ಬರುವುದಿಲ್ಲ. ಇದರ ಚಿಕ್ಕ ದಾಯಾದಿಗಳು ಮಾತ್ರ ಭಾರತದ ಕಡಲಿನಲ್ಲೂ ಇದ್ದಾರೆ.

ಇನ್ನೊಂದು ದೈತ್ಯ ಜಪಾನ್, ಕೊರಿಯಾ, ಚೀನಾಗಳ ನಡುವಿನ ಕಡಲಿನದು. ನೊಮುರಾ ಎಂದು ಅದರ ಹೆಸರು. ಅಗಲ ಎರಡು ಮೀಟರಿನವರೆಗೆ, ತೂಕ ಇನ್ನೂರು ಕಿಲೋದವರೆಗೆ. ಎಂದರೆ ಐವತ್ತು ಕಿಲೋದ ನಾಲ್ಕು ಅಕ್ಕಿ ಮೂಟೆ! ೨೦೦೯ರಲ್ಲಿ ಜಪಾನಿನ ಚಿಬಾ ಎಂಬಲ್ಲಿ ಮೀನುಗಾರರು ಬಲೆ ಎಳೆದಾಗ ಅದರ ತುಂಬ ಈ ನೊಮುರಾಗಳೇ. ಎಳೆಯುವ ರಭಸಕ್ಕೆ ಹತ್ತು ಟನ್ನಿನ ದೋಣಿಯೇ ಮಗುಚಿಬಿತ್ತು. ದೋಣಿಯಲ್ಲಿದ್ದ ಮೂವರನ್ನೂ ಬೇರೆ ದೋಣಿಯವರು ಕಾಪಾಡಿದರು.

ಇಷ್ಟು ದೊಡ್ಡದು ಕುಟುಕಿದರೆ ಮನುಷ್ಯ ಉಳಿಯುತ್ತಾನೆಯೇ ಎಂದು ಕೇಳುತ್ತೀರಾ? ಸಾಮಾನ್ಯವಾಗಿ ಉಳಿಯುತ್ತಾನೆ. ಸಿಂಹದ ಕೇಸರ ಕುಟುಕಿದರೆ ಸಹಿಸಲಾರದ ಉರಿ, ಬರೆ, ಗುಳ್ಳೆ. ಆದರೆ ಆರೋಗ್ಯವಂತರು ಅದರಿಂದ ಸಾಯುವುದು ತೀರ ಅಪರೂಪ. ನೊಮುರಾ ಇನ್ನೂ ಸ್ವಲ್ಪ ಕೆಟ್ಟದ್ದು. ಚೀನಾದಲ್ಲಿ ಅದರಿಂದ ಸತ್ತವರೂ ಇದ್ದಾರೆ.

೨೦೧೦ರ ಜುಲೈಯಲ್ಲಿ ಅಮೆರಿಕದ ರೈ ಎಂಬ ಊರಿನ ಕಡಲತಡಿಯಲ್ಲಿ ಒಂದು ಸಿಂಹದ ಕೇಸರ ಸತ್ತು ತೇಲಿ ಬಂತು. ದಡಕ್ಕೆಳೆಯುವಾಗ ಅದು ಚೂರು ಚೂರಾಗಿ ನೀರಿನಲ್ಲಿ ಹರಡಿಕೊಂಡಿತು. ಆ ಚೂರುಗಳು ತಾಗಿಯೇ ಸುಮಾರು ೧೫೦ ಮಂದಿ ಉರಿಯಿಂದ ಒದ್ದಾಡಿದರು. ಹೆಚ್ಚಿನವರಿಗೆ ಸ್ಥಳದಲ್ಲೇ ಆರೈಕೆ ಮಾಡಿದರೆ ಸಾಕಾಯಿತು. ಆದರೂ ಸತ್ತದ್ದು ಒಂದು, ಕುಟುಕಿದ್ದು ನೂರೈವತ್ತು ಮಂದಿಯನ್ನು, ನೋಡಿ!

ಗಾತ್ರ ನೋಡಿ ಮೋಸ ಹೋಗಬೇಡಿ

ಅಡುಗೆಮನೆಯಲ್ಲಿ ನಮಗೆ ಗೊತ್ತಿದ್ದದ್ದೇ. ಬದನೆಕಾಯಿಯಷ್ಟು ದೊಡ್ಡ ದಪ್ಪ ಮೆಣಸಿಗೆ ಖಾರವಿಲ್ಲ, ಕಿರುಬೆರಳಿನ ಉಗುರಿನಷ್ಟಿರುವ ಗಾಂಧಾರಿ ಮೆಣಸು ಕಣ್ಣಲ್ಲಿ ನೀರಿಳಿಸುತ್ತದೆ. ಅಂಬಲಿಮೀನಿನ ಲೋಕದಲ್ಲೂ ಹಾಗೆಯೇ.

ಲೋಕದಲ್ಲಿ ಅತಿ ಅಪಾಯದ್ದೆಂದು ಹೆಸರಾದದ್ದು ಆಸ್ಟ್ರೇಲಿಯಾದ ಉತ್ತರ ತೀರದ ಪೆಟ್ಟಿಗೆ ಅಂಬಲಿಮೀನು. ಅದರ ಕೊಡೆ ಒಂದು ಅಡಿಯಷ್ಟು, ಎಳೆಗಳು ಹತ್ತು ಅಡಿಯಷ್ಟು. ಮೈ ಗಾಜಿನಂತೆ ಪಾರದರ್ಶಕ, ನೀರಿನಲ್ಲಿ ಕಾಣುವುದೇ ಇಲ್ಲ. ಹೆಚ್ಚು ಜಾಗಕ್ಕೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಹೃದಯ ನಿಂತುಹೋಗಬಹುದು. ಆ ದೇಶದಲ್ಲಿ ೧೮೮೩ರಿಂದ ಈಚೆಗೆ ೬೦ಕ್ಕೂ ಹೆಚ್ಚು ಮಂದಿ ಅದರಿಂದ ಸತ್ತಿದ್ದಾರೆ. ಒಂದು ತಮಾಷೆಯ ವಿಷಯ ಕೇಳಿ: ಅಲ್ಲಿನ ಜೀವರಕ್ಷಕ ಗಂಡಸರು ಕಡಲಿಗಿಳಿಯುವಾಗ ಹೆಂಗಸರ ತೆಳು ಕಾಲುಚೀಲ ಏರಿಸಿಕೊಳ್ಳುತ್ತಿದ್ದರಂತೆ! ಚರ್ಮಕ್ಕೂ ಎಳೆಗೂ ನಡುವೆ ತೆಳುವಾದ ಬಟ್ಟೆಯಿದ್ದರೂ ಸಾಕು, ಬಾಣ ನಾಟುವುದಿಲ್ಲ.

ಅದಕ್ಕಿಂತಲೂ ಚಿಕ್ಕದು ಇರುಕಂಜಿ. ಒಂದು ಸೆಂಟಿಮೀಟರು, ಎಂದರೆ ಕಡಲೆಕಾಳಿನಷ್ಟು! ಈಜಲು ಹೋದವರಿಗೆ ಬೆನ್ನು, ಹೊಟ್ಟೆಯಲ್ಲಿ ಭಯಂಕರ ನೋವು ಬರುತ್ತಿತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ೧೯೬೧ರಲ್ಲಿ ಜ್ಯಾಕ್ ಬಾರ್ನ್ಸ್ ಎಂಬ ಡಾಕ್ಟರು ಈ ಪುಟ್ಟ ಜೀವಿಯನ್ನು ಹಿಡಿದು ತನ್ನ ಮೈಗೂ, ಒಂಬತ್ತು ವರ್ಷದ ಮಗನ ಮೈಗೂ, ಒಬ್ಬ ಜೀವರಕ್ಷಕನ ಮೈಗೂ ತಾಗಿಸಿ ನೋಡಿದರು. ಮೂವರೂ ಆಸ್ಪತ್ರೆ ಸೇರಿದರು! ಬದುಕಿ ಬಂದರೆನ್ನಿ. ಆದರೆ ಆ ಹುಡುಗನ ತಾಯಿ ಅಂದು ಗಂಡನಿಗೆ ಏನೆಂದಿರಬಹುದು? ನೀವೇ ಊಹಿಸಿಕೊಳ್ಳಿ.

ನಮ್ಮ ಕಡಲಿನಲ್ಲಿ ಏನುಂಟು?

ಕಡಬದ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿನ ಕಡೆಗೆ ಹರಿದು ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ನಮ್ಮ ಅಂಗಳದ ಮಳೆನೀರು ಹೋಗುವುದೇ ಆ ಕಡಲಿಗೆ. ಅಲ್ಲಿ ಮಳೆಗಾಲದಲ್ಲೂ ಅದು ಕಳೆದ ಮೇಲೂ ಅಂಬಲಿಮೀನುಗಳು ಹಿಂಡು ಹಿಂಡಾಗಿ ದಡದ ಕಡೆ ಬರುವುದುಂಟು. ಗಾಳಿ, ಅಲೆ, ಒಳಹರಿವು ಎಲ್ಲಿಗೆ ತಳ್ಳಿದರೆ ಅಲ್ಲಿಗೆ ಬರುತ್ತವೆ. ಕಾಸರಗೋಡಿನ ಆಚೆಯ ಮಲೆಯಾಳಿಗಳು ಇದನ್ನು ‘ಕಡಲ್‌ಚೊರಿ’ ಎನ್ನುತ್ತಾರೆ. ಚೊರಿ ಎಂದರೆ ತುರಿಕೆ. ಕಡಲಿನ ತುರಿಕೆ! ಎಷ್ಟು ಸರಿಯಾದ ಹೆಸರು!

ಇವುಗಳಲ್ಲಿ ಹಲವು ಜಾತಿ ಸ್ವಲ್ಪ ತುರಿಸಿ ಸುಮ್ಮನಾಗುತ್ತವೆ. ಕೆಲವನ್ನು ಉಪ್ಪು, ಪಟಿಕ ಹಾಕಿ ಒಣಗಿಸಿ ನಮ್ಮ ದೇಶದಿಂದ ಹೊರಗೆ ಕಳಿಸುವುದೂ ಉಂಟು, ಚೀನಾದವರು ಅದನ್ನು ಕೋಸಂಬರಿಯಂತೆ ಮಾಡಿ ತಿನ್ನುತ್ತಾರೆ! ಪೆಟ್ಟಿಗೆಯಾಕಾರದ ಕೆಲವು ಜಾತಿಗಳು ಮಾತ್ರ ಭಾರತದ ಸಮುದ್ರದಲ್ಲೂ ಇವೆ. ಅವುಗಳ ಬಗ್ಗೆ ಎಚ್ಚರ ಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚು ಸುದ್ದಿ ಮಾಡಿದ್ದು ‘ಬ್ಲೂ ಬಾಟಲ್’. ನೀಲಿ ಬಣ್ಣದ ಪುಟ್ಟ ಬಲೂನಿನಂತೆ ನೀರಿನ ಮೇಲೆ ತೇಲುತ್ತದೆ, ಕೆಳಗೆ ಉದ್ದುದ್ದ ನೀಲಿ ದಾರ. ಶಾಸ್ತ್ರದ ಪ್ರಕಾರ ಇದು ಅಂಬಲಿಮೀನಿನ ನೆಂಟ ಮಾತ್ರ. ಹಲವು ಜೀವಿಗಳು ಸೇರಿ ಒಂದಾದ ಕೂಡುಕುಟುಂಬ ಅದು. ೨೦೧೮ರ ಆಗಸ್ಟಿನಲ್ಲಿ ಮುಂಬಯಿಯ ಜುಹೂ ಮುಂತಾದ ಕಡೆ ನೂರಕ್ಕೂ ಹೆಚ್ಚು ಮಂದಿಯನ್ನು ಇದು ಕುಟುಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ೨೦೨೦ರ ನವೆಂಬರಿನಲ್ಲಿ ಪಕ್ಕದ ಗೋವಾದಲ್ಲಿ ಎರಡೇ ದಿನದೊಳಗೆ ೯೦ಕ್ಕೂ ಹೆಚ್ಚು ಮಂದಿಗೆ ಅಂಬಲಿಮೀನು ಕುಟುಕಿತು. ಅವರಲ್ಲಿ ಬಾಗಾ ಕಡಲತಡಿಯ ಒಬ್ಬರಿಗೆ ಎದೆನೋವು, ಉಬ್ಬಸ ಬಂದು ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಸಾಗಿಸಬೇಕಾಯಿತು.

ಬಣ್ಣದ ಬಲೂನು ಕಂಡರೆ ಮಕ್ಕಳು ಸುಮ್ಮನಿರುತ್ತಾರೆಯೇ? ಮರಳಿನ ಮೇಲೆ ಬಿದ್ದ ನೀಲಿ ಗುಳ್ಳೆಯನ್ನು ಕಾಲಿನಿಂದ ಒಡೆಯಬೇಕೆನಿಸುತ್ತದೆ. ಆದ್ದರಿಂದ ಬಸ್ಸಿನಲ್ಲಿ ಹೋಗುವಾಗಲೇ ಮಕ್ಕಳಿಗೆ ಹೇಳಿಬಿಡಿ: ನುಂಗಿನಂಥದ್ದು, ಬಲೂನಿನಂಥದ್ದು, ದಾರದಂಥದ್ದು ಏನು ಕಂಡರೂ ಮುಟ್ಟಬಾರದು. ಕೋಲಿನಿಂದಲೂ ಎತ್ತಬಾರದು.

ಮೊದಲ ಹತ್ತು ನಿಮಿಷ

ಇಷ್ಟಾಗಿಯೂ ಕುಟುಕಿತು ಎಂದಿಟ್ಟುಕೊಳ್ಳಿ. ಆಗ ಮಗು ಅಳುತ್ತದೆ, ಸುತ್ತ ಜನ ಸೇರುತ್ತಾರೆ, ಒಬ್ಬೊಬ್ಬರದು ಒಂದೊಂದು ಸಲಹೆ. ನೀವು ಮಾತ್ರ ಗಾಬರಿಯಾಗದೆ ಈ ಕ್ರಮ ನೆನಪಿಟ್ಟುಕೊಳ್ಳಿ.

ಮೊದಲು ಮಗುವನ್ನು ನೀರಿನಿಂದ ಹೊರಗೆ ತನ್ನಿ, ಕೂರಿಸಿ, ಓಡಾಡಲು ಬಿಡಬೇಡಿ. ತುರಿಸಿಕೊಳ್ಳದಂತೆ ಕೈ ಹಿಡಿದುಕೊಳ್ಳಿ. ಎಳೆಗಳು ಅಂಟಿಕೊಂಡಿದ್ದರೆ ಕಡಲಿನ ನೀರನ್ನೇ ಸುರಿದು ತೊಳೆಯಿರಿ. ಉಳಿದದ್ದನ್ನು ಚಿಮಟದಲ್ಲಿ ಎತ್ತಿ ತೆಗೆಯಿರಿ. ಚಿಮಟವಿಲ್ಲದಿದ್ದರೆ ಕೈಗೆ ದಪ್ಪ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೆಗೆಯಿರಿ. ಬರಿಗೈ ಬೇಡ.

ಆಮೇಲೆ ಬಿಸಿನೀರು. ಈ ವಿಷವನ್ನು ಶಾಖ ಕುಗ್ಗಿಸುತ್ತದೆ. ಬ್ಲೂ ಬಾಟಲ್ ಕುಟುಕಿದ ೯೬ ಮಂದಿಯ ಮೇಲೆ ಆಸ್ಟ್ರೇಲಿಯಾದ ಡಾಕ್ಟರರು ಮಾಡಿದ ಪರೀಕ್ಷೆ ೨೦೦೬ರಲ್ಲಿ ಪ್ರಕಟವಾಯಿತು. ೪೫ ಡಿಗ್ರಿಯ ಬಿಸಿನೀರಿನಲ್ಲಿ ೨೦ ನಿಮಿಷ ಇಟ್ಟವರಲ್ಲಿ ನೂರಕ್ಕೆ ೮೭ ಮಂದಿಗೆ ನೋವು ಇಳಿಯಿತು. ಐಸ್ ಇಟ್ಟವರಲ್ಲಿ ನೂರಕ್ಕೆ ೩೩ ಮಂದಿಗೆ ಮಾತ್ರ.

೪೫ ಡಿಗ್ರಿ ಅಳೆಯುವುದು ಹೇಗೆ? ಬಚ್ಚಲ ಹಂಡೆಯಿಂದ ನೀರು ಬೆರೆಸಿ ‘ಸ್ವಲ್ಪ ಜಾಸ್ತಿ ಬಿಸಿ, ಆದರೂ ತಡೆಯಬಹುದು’ ಎನ್ನುವಷ್ಟು. ಮೊದಲು ನಿಮ್ಮ ಕೈಗೆ ಹಾಕಿ ನೋಡಿಕೊಳ್ಳಿ. ಸುಡುವ ನೀರು ಹಾಕಿ ಬೊಬ್ಬೆ ಬರಿಸಿದರೆ ಕುಟುಕಿಗಿಂತ ಅದೇ ದೊಡ್ಡ ಗಾಯ! ಕಡಲತಡಿಯ ಚಹಾದಂಗಡಿಯಲ್ಲಿ ಕೇಳಿದರೆ ಬಿಸಿನೀರು ಸಿಕ್ಕೀತು. ಇಲ್ಲವೆಂದರೆ ಚಹಾದ ಜೊತೆಗೆ ಇನ್ನೊಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ. ಬಿಸಿನೀರು ಸಿಗದೇ ಹೋದರೆ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರ ನೀರು ಚರ್ಮಕ್ಕೆ ತಾಗದಂತೆ ಇಡಿ.

ಮಾಡಬಾರದ್ದು

ಮರಳು ತಿಕ್ಕಬಾರದು, ಬಟ್ಟೆಯಿಂದ ಉಜ್ಜಬಾರದು. ಒಂದೊಂದು ಉಜ್ಜಿಗೂ ಸಿಡಿಯದೆ ಉಳಿದ ಚೀಲಗಳು ಸಿಡಿಯುತ್ತವೆ. ಬಾವಿನೀರು, ನಲ್ಲಿನೀರು, ಬಾಟಲಿನೀರು ಹಾಕಿ ಎಳೆ ತೊಳೆಯಬಾರದು. ಉಪ್ಪುನೀರಿನ ಜೀವಿಗೆ ಸಿಹಿನೀರು ತಾಗಿದರೆ ಆ ಚೀಲಗಳು ಇನ್ನಷ್ಟು ಸಿಡಿಯುತ್ತವೆ. ನಾನು ಮಾಡಿದ ತಪ್ಪು ಇದೇ. ಎಳೆಯೆಲ್ಲ ಹೋದ ಮೇಲೆ ಬಿಸಿನೀರು ಹಾಕುವುದು ಬೇರೆ ಮಾತು.

ಮೂತ್ರ ಹಾಕಿದರೆ ಗುಣವಾಗುತ್ತದೆ ಎಂದು ಸಿನಿಮಾ ನೋಡಿದವರು ಹೇಳುತ್ತಾರೆ. ಶುದ್ಧ ಸುಳ್ಳು! ಸ್ಪಿರಿಟ್ಟು, ಸಾರಾಯಿ ಕೂಡ ಬೇಡ. ಕೆಸುವಿಗೆ ಹುಳಿ ಹಾಕಿದಂತೆ ಇದಕ್ಕೂ ಲಿಂಬೆಹುಳಿ, ಪುನರ್ಪುಳಿ ಹಿಂಡೋಣ ಎಂದುಕೊಳ್ಳಬೇಡಿ. ವಿನೆಗರ್ ವಿಷಯವೂ ಸ್ವಲ್ಪ ಸೂಕ್ಷ್ಮ. ಪೆಟ್ಟಿಗೆ ಅಂಬಲಿಮೀನಿಗೆ ಅದು ಒಳ್ಳೆಯದೆಂದು ಆಸ್ಟ್ರೇಲಿಯಾದ ಉತ್ತರದ ಕಡಲತಡಿಗಳಲ್ಲಿ ಸೀಸೆಯನ್ನೇ ಇಟ್ಟಿರುತ್ತಾರೆ. ಬ್ಲೂ ಬಾಟಲಿಗೆ ಮಾತ್ರ ಬೇಡವೆಂದು ಅದೇ ದೇಶದವರು ಹೇಳುತ್ತಾರೆ. ಕುಟುಕಿದ್ದು ಯಾವುದೆಂದು ತಿಳಿಯದಾಗ ಕಡಲಿನ ನೀರು, ಆಮೇಲೆ ಬಿಸಿನೀರು, ಇವೆರಡೇ ನಮಗೆ ಸಾಕು.

ಆಸ್ಪತ್ರೆಗೆ ಯಾವಾಗ?

ಹೆಚ್ಚಿನ ಕುಟುಕು ಕೆಲವು ಗಂಟೆ ಉರಿದು ಇಳಿಯುತ್ತದೆ. ಆದರೆ ಉಸಿರಾಟಕ್ಕೆ ಕಷ್ಟ, ಎದೆನೋವು, ಮುಖ ತುಟಿ ಊದುವುದು, ವಾಂತಿ, ತಲೆಸುತ್ತು, ಬೆನ್ನು ಹೊಟ್ಟೆಯಲ್ಲಿ ಸಹಿಸಲಾರದ ನೋವು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ೧೦೮ಕ್ಕೆ ಫೋನು ಮಾಡಿ. ಬರೆ ಕಾಲಿನ ಅಥವಾ ಕೈಯ ಅರ್ಧಕ್ಕಿಂತ ಹೆಚ್ಚು ಹರಡಿದ್ದರೆ, ಕಣ್ಣು, ಮುಖ, ಕುತ್ತಿಗೆಗೆ ತಾಗಿದ್ದರೆ, ಕೂಸುಗಳಿಗೆ ಅಥವಾ ಹೃದಯದ ಕಾಯಿಲೆಯಿದ್ದವರಿಗೆ ಕುಟುಕಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಕಣ್ಣನ್ನಂತೂ ಉಜ್ಜಲೇಬಾರದು.

ಹಿಂದೆ ಒಮ್ಮೆ ಕುಟುಕಿಸಿಕೊಂಡವರು ‘ನನಗೆ ಅಭ್ಯಾಸವಾಗಿದೆ’ ಎನ್ನಬೇಡಿ. ಎರಡನೆಯ ಸಲ ಮೈ ಇನ್ನೂ ಜೋರಾಗಿ ಕೆರಳಬಹುದು. ಇದನ್ನು ಕಂಡುಹಿಡಿದ ಕತೆಯೂ ಕಡಲಿನದೇ. ಶಾರ್ಲ್ ರಿಶೆ ಎಂಬ ಫ್ರೆಂಚ್ ವಿಜ್ಞಾನಿ ೧೯೦೧ರಲ್ಲಿ ಮೊನಾಕೋ ದೊರೆಯ ಹಡಗಿನಲ್ಲಿ ಹೋಗಿ ಬ್ಲೂ ಬಾಟಲಿನ ಜಾತಿಯ ವಿಷವನ್ನೇ ಪರೀಕ್ಷಿಸತೊಡಗಿದರು. ಆ ಕೆಲಸ ಮುಂದುವರಿದು, ಮೊದಲ ಸಲ ತಡೆದುಕೊಂಡ ವಿಷದ ಸ್ವಲ್ಪವೇ ಅಂಶ ಎರಡನೆಯ ಸಲ ಜೀವ ತೆಗೆಯಬಲ್ಲದು ಎಂದು ತೋರಿಸಿಕೊಟ್ಟಿತು. ಅದಕ್ಕಾಗಿ ೧೯೧೩ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಜೇನು, ಕಣಜದ ಹುಳು ಕಡಿದು ಕೆಲವರಿಗೆ ಉಸಿರು ಕಟ್ಟುವುದು ಏಕೆಂದು ತಿಳಿದದ್ದೂ ಆ ಜ್ಞಾನದಿಂದಲೇ.

ಹೊರಡುವ ಮೊದಲು

ಚೀಲದಲ್ಲಿ ಒಂದು ಚಿಮಟ, ಒಂದೆರಡು ಪ್ಲಾಸ್ಟಿಕ್ ಚೀಲ, ಒಂದು ಫ್ಲಾಸ್ಕು ಬಿಸಿನೀರು, ಒಂದು ಖಾಲಿ ಚೊಂಬು ಇರಲಿ. ನೀರಿಗಿಳಿಯುವ ಮಕ್ಕಳಿಗೆ ಮೈ ತುಂಬ ಬಟ್ಟೆ, ಉದ್ದ ಕಾಲಿನ ಚಡ್ಡಿ ಹಾಕಿಸಿ. ಹೆಂಗಸರಿಗೆ ಚೂಡಿದಾರವೇ ರಕ್ಷೆ. ಬರಿಗಾಲಿನಲ್ಲಿ ಅಲೆಯಂಚಿನ ಕಸದ ಮೇಲೆ ನಡೆಯಬೇಡಿ. ನೀರಿಗಿಳಿಯುವ ಮೊದಲು ದಡದಲ್ಲಿ ಲೋಳೆಮುದ್ದೆಗಳು ಬಿದ್ದಿವೆಯೇ ನೋಡಿ, ಜೀವರಕ್ಷಕರನ್ನೋ ಮೀನುಗಾರರನ್ನೋ ಒಂದು ಮಾತು ಕೇಳಿ. ಅವರು ಬೇಡವೆಂದರೆ ಬೇಡ. ಚರುಮುರಿ ತಿಂದುಕೊಂಡು ಸೂರ್ಯಾಸ್ತ ನೋಡಿದರೂ ಕಡಲು ಕಡಲೇ.

ನಮ್ಮ ಹುಡುಗಿಯ ಕಾಲಿನ ಬರೆ ಕೆಲವು ದಿನ ಕಪ್ಪಗಿದ್ದು ಮಾಸಿತು. “ನಿನ್ನನ್ನು ಕುಟುಕಿದ್ದು ದೊಡ್ಡದಲ್ಲ ಮಗಾ, ದೊಡ್ಡದು ಬೇರೆ ದೇಶದಲ್ಲಿ ಉಂಟು. ಇದು ಸಣ್ಣದು. ಮುಂದಿನ ಸಲ ಏನು ಮಾಡಬೇಕೆಂದು ಅತ್ತೆಗೆ ಗೊತ್ತುಂಟು” ಎಂದೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು, “ಹಾಗಾದರೆ ಮುಂದಿನ ರಜೆಗೆ ಹೋಗುವುದಲ್ವಾ?”

ಹೋಗುವುದೇ. ಎರಡು ಫ್ಲಾಸ್ಕು ತೆಗೆದುಕೊಂಡು!